ರೇಡಿಯೊ, ವಿಒಆರ್, ಐಎಲ್‌ಎಸ್: ಕಲಿಯುವ ಪೈಲಟ್‌ಗೊಂದು ಕಾಕ್‌ಪಿಟ್ ಕೈಪಿಡಿ

ಬೆಂಗಳೂರಿನ ಜಕ್ಕೂರು ವಿಮಾನ ನೆಲೆಯಿಂದ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ನಕ್ಷೆಯ ಮೇಲೆ ಗೆರೆ ಎಳೆದರೆ ಸುಮಾರು 75 ನಾಟಿಕಲ್ ಮೈಲಿ. ಸೆಸ್ನಾ 172ಕ್ಕೆ ಮುಕ್ಕಾಲು ಗಂಟೆಯ ದಾರಿ. ಇಷ್ಟರಲ್ಲೇ ಒಂದಕ್ಕಿಂತ ಹೆಚ್ಚು ಕಂಟ್ರೋಲ್ ಘಟಕಗಳ ಜತೆ ಮಾತಾಡಬೇಕು, ಫ್ರೀಕ್ವೆನ್ಸಿ ಬದಲಿಸಬೇಕು, ಸೂಜಿ ನೋಡುತ್ತ ದಾರಿ ಹಿಡಿಯಬೇಕು, ಜತೆಗೆ ವಿಮಾನವನ್ನೂ ಹಾರಿಸಬೇಕು. ಹೊಸಬರು ಇಲ್ಲಿ ಎಡವುವುದು ಇಂಗ್ಲಿಷ್ ಸಾಲದೆ ಅಲ್ಲ. ಯಾವುದು ಖಾತ್ರಿಯಾಗಿದೆ, ಯಾವುದು ಇನ್ನೂ ತನ್ನ ಊಹೆ ಎಂಬ ಲೆಕ್ಕ ತಪ್ಪುವುದರಿಂದ. ರೇಡಿಯೊದಲ್ಲಿ ರೀಡ್‌ಬ್ಯಾಕ್ (ಕೇಳಿದ್ದನ್ನು ತಿರುಗಿ ಹೇಳುವುದು), ದಿಕ್ಕು ತೋರುವ ವಿಒಆರ್, ರನ್‌ವೇಗೆ ಇಳಿಸುವ ಐಎಲ್‌ಎಸ್‌ನಂಥ ನ್ಯಾವ್‌ಏಡ್‌ಗಳಲ್ಲಿ (ನೆಲದ ಮೇಲಿನ ದಾರಿತೋರು ಸಾಧನಗಳು) ಐಡೆಂಟ್ (ಸ್ಟೇಷನ್ನಿನ ಗುರುತಿನ ಮೋರ್ಸ್ ಸದ್ದು): ಎರಡೂ ಇರುವುದು ಆ ಊಹೆಯನ್ನು ಒರೆಗೆ ಹಚ್ಚುವುದಕ್ಕೇ. ಈ ಲೇಖನವನ್ನು ಆ ಕಣ್ಣಿಂದಲೇ ಓದಿ.

ಮೊದಲು ಕಾಗದದ ಮಾತು. ಭಾರತದಲ್ಲಿ ವಿಮಾನದ ರೇಡಿಯೊ ಬಳಸಲು ಆರ್‌ಟಿಆರ್(ಎ) ಎಂಬ ಪರವಾನಗಿ ಬೇಕು. ಇದರ ಪರೀಕ್ಷೆ ಬಹುಕಾಲ ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು. 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ 2024 ಆ ಹೊಣೆಯನ್ನು ನಾಗರಿಕ ವಿಮಾನಯಾನ ನಿರ್ದೇಶನಾಲಯಕ್ಕೆ (ಡಿಜಿಸಿಎ) ಒಪ್ಪಿಸಿದೆ. ಹಳೆಯ ಗೈಡುಗಳಲ್ಲಿರುವ ಅರ್ಜಿ ವಿವರಗಳನ್ನು ನಂಬಿಕೊಂಡು ಕೂರಬೇಡಿ.

ಹೊರಡುವ ಮುನ್ನ, ಮೇಜಿನ ಮೇಲೆ

ಫ್ರೀಕ್ವೆನ್ಸಿಗಳನ್ನು ಗೆಳೆಯನ ನೋಟ್‌ಬುಕ್ಕಿನಿಂದ ನಕಲು ಮಾಡಬೇಡಿ. ವಿಮಾನ ನಿಲ್ದಾಣ ಪ್ರಾಧಿಕಾರ ಪ್ರಕಟಿಸುವ ಎಐಪಿ ಎಂಬ ಅಧಿಕೃತ ಮಾಹಿತಿ ಪುಸ್ತಕದಲ್ಲಿ ಪ್ರತಿ ನಿಲ್ದಾಣದ ಪುಟ ತೆಗೆದು ನೋಡಿ. ಎಡಿ 2.18ರಲ್ಲಿ ಮಾತಿನ ಫ್ರೀಕ್ವೆನ್ಸಿಗಳು, ಎಡಿ 2.19ರಲ್ಲಿ ವಿಒಆರ್, ಡಿಎಂಇ (ದೂರ ತೋರಿಸುವ ಸಾಧನ), ಐಎಲ್‌ಎಸ್‌ಗಳ ಫ್ರೀಕ್ವೆನ್ಸಿ, ಐಡೆಂಟ್, ಜಾಗ ಎಲ್ಲ ಇರುತ್ತವೆ. ಈ ಕ್ರಮ ಜಗತ್ತಿನ ಬಹುತೇಕ ದೇಶಗಳ ಎಐಪಿಯಲ್ಲೂ ಒಂದೇ. ಆಮೇಲೆ ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ತಾಜಾ ಸೂಚನೆ) ಓದಿ. 'ವಿಒಆರ್ ಅನ್‌ಸರ್ವಿಸಬಲ್' ಎಂಬ ಒಂದೇ ಸಾಲು ನಿಮ್ಮ ಇಡೀ ಯೋಜನೆಯನ್ನು ಕೆಡಿಸಬಹುದು. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವ ವರ್ಷಗಳಲ್ಲಂತೂ ಬೆಂಗಳೂರಿನ ಆಕಾಶದ ವೇಳಾಪಟ್ಟಿಯೇ ನೋಟಾಮಿನಲ್ಲಿರುತ್ತದೆ.

ಫ್ಲೈಟ್ ಪ್ಲಾನ್ ಕೊಟ್ಟ ಮೇಲೆ ಸಿಗುವ ಎಫ್‌ಐಸಿ (ವಿಮಾನ ಮಾಹಿತಿ ಕೇಂದ್ರ) ಮತ್ತು ಎಡಿಸಿ (ವಾಯು ರಕ್ಷಣಾ ಅನುಮತಿ) ಸಂಖ್ಯೆಗಳನ್ನು ನೀಬೋರ್ಡಿನ (ತೊಡೆಗೆ ಕಟ್ಟುವ ಬರೆಯುವ ಹಲಗೆ) ತಲೆಯಲ್ಲೇ ದೊಡ್ಡದಾಗಿ ಬರೆದಿಡಿ. ಟವರ್ ಕೇಳಿದಾಗ ಹುಡುಕಾಡುವುದು ಮೊದಲ ಮುಜುಗರ. ಅದರ ಕೆಳಗೆ ದಾರಿಯ ಕ್ರಮದಲ್ಲೇ ಫ್ರೀಕ್ವೆನ್ಸಿಗಳು. ಪ್ರತಿ ನ್ಯಾವ್‌ಏಡ್‌ನ ಪಕ್ಕದಲ್ಲಿ ಅದರ ಮೋರ್ಸ್ ಸಂಕೇತ ಚುಕ್ಕೆ-ಗೆರೆಗಳಲ್ಲೇ. ಮೋರ್ಸ್ ಬಾಯಿಪಾಠ ಇರಬೇಕಿಲ್ಲ, ಕೇಳಿದ್ದನ್ನು ಕಾಗದದ ಜತೆ ಹೋಲಿಸಲು ಬಂದರೆ ಸಾಕು.

ಮೈಕ್ ಒತ್ತುವ ಮೊದಲು

ಎಂಜಿನ್ ಸ್ಟಾರ್ಟ್ ಆಗುವವರೆಗೆ ಏವಿಯಾನಿಕ್ಸ್ ಸ್ವಿಚ್ ಆಫ್ ಇರಲಿ. ಸ್ಟಾರ್ಟರ್ ಎಳೆಯುವಾಗ ವೋಲ್ಟೇಜ್ ಏರಿಳಿದು ರೇಡಿಯೊಗೆ ಪೆಟ್ಟು ಬೀಳುತ್ತದೆ. ಹೆಡ್‌ಸೆಟ್ಟಿಗೆ ಎರಡು ಪ್ಲಗ್: ದಪ್ಪನೆಯದು ಕಿವಿಗೆ, ತುಸು ತೆಳ್ಳಗಿನದು ಮೈಕಿಗೆ. ಮೈಕ್ ಪ್ಲಗ್ ಕೊನೆಯ ಕ್ಲಿಕ್‌ವರೆಗೆ ಹೋಗದಿದ್ದರೆ ನಿಮಗೆ ಎಲ್ಲರೂ ಕೇಳಿಸುತ್ತಾರೆ, ನೀವು ಯಾರಿಗೂ ಕೇಳಿಸುವುದಿಲ್ಲ. 'ರೇಡಿಯೊ ಕೆಟ್ಟಿದೆ' ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ. ಒತ್ತಿ ಮಾತಾಡಿದಾಗ ನಿಮ್ಮದೇ ದನಿ ಕಿವಿಯಲ್ಲಿ ಕೇಳಬೇಕು. ಅದು ಸೈಡ್‌ಟೋನ್. ಕೇಳದಿದ್ದರೆ ಮೊದಲು ಪ್ಲಗ್, ಆಮೇಲೆ ಆಡಿಯೊ ಪ್ಯಾನೆಲ್‌ನಲ್ಲಿ ಮೈಕ್ ಆಯ್ಕೆ ಕಾಮ್ 1ರಲ್ಲಿದೆಯೋ ಕಾಮ್ 2ರಲ್ಲಿದೆಯೋ (ಎರಡು ರೇಡಿಯೊಗಳಲ್ಲಿ ಯಾವುದು) ನೋಡಿ.

ಸ್ಕ್ವೆಲ್ಚ್ (ಖಾಲಿ ಸದ್ದನ್ನು ಅಡಗಿಸುವ ಗುಂಡಿ) ತೆಗೆದು ಒಮ್ಮೆ ಶರ್ರೆನ್ನುವ ಸದ್ದು ಕೇಳಿಸಿಕೊಂಡು ವಾಲ್ಯೂಮ್ ಹೊಂದಿಸಿ, ಮತ್ತೆ ಹಾಕಿ. ಮೈಕ್ ತುಟಿಯ ಅಂಚಿಗೆ ಒಂದು ಬೆರಳಿನಷ್ಟು ಹತ್ತಿರ ಇರಲಿ. ಹೆಡ್‌ಸೆಟ್ ಮೈಕುಗಳು ದೂರದ ಸದ್ದನ್ನು ಅಡಗಿಸುವಂತೆ ಮಾಡಿದವು. ಮೈಕನ್ನು ಗಲ್ಲಕ್ಕೆ ಇಳಿಸಿದರೆ ನಿಮ್ಮ ಮಾತೂ ಎಂಜಿನ್ ಸದ್ದಿನ ಲೆಕ್ಕಕ್ಕೇ ಸೇರುತ್ತದೆ.

ಇನ್ನು ಬಟನ್. ಮೊದಲು ಕೇಳಿ. ಯಾರಾದರೂ ಮಾತಾಡುತ್ತಿದ್ದರೆ ಅವರಿಗೆ ಉತ್ತರವೂ ಬರುವವರೆಗೆ ಕಾಯಿರಿ. ಒತ್ತಿ, ಅರೆಕ್ಷಣ ಬಿಟ್ಟು ಮಾತು ಶುರು ಮಾಡಿ. ಇಲ್ಲವಾದರೆ ಮೊದಲ ಪದ ಕತ್ತರಿಸಿ ಹೋಗುತ್ತದೆ, ಆ ಮೊದಲ ಪದ ಎಂದರೆ ನೀವು ಯಾರನ್ನು ಕರೆಯುತ್ತಿದ್ದೀರಿ ಎಂಬುದು. ನಿಮಿಷಕ್ಕೆ ನೂರು ಪದ ಮೀರಬಾರದೆಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ಐಸಿಎಒ) ಹೇಳುವ ವೇಗ. ಕಂಟ್ರೋಲರ್ ನಿಮ್ಮ ಮಾತನ್ನು ಬರೆದುಕೊಳ್ಳುತ್ತಿದ್ದಾರೆ ಎಂಬುದು ನೆನಪಿದ್ದರೆ ವೇಗ ತಾನೇ ಇಳಿಯುತ್ತದೆ.

ವಿಮಾನದ ವಿಎಚ್‌ಎಫ್ ಇಂದಿಗೂ ಎಎಂ ಪದ್ಧತಿಯದು. 118ರಿಂದ 137 ಮೆಗಾಹರ್ಟ್ಜ್ ಒಳಗೆ. ಎಫ್‌ಎಂ ಆಗಿದ್ದರೆ ದನಿ ಇಂಪಾಗಿರುತ್ತಿತ್ತು, ಆದರೆ ಇಬ್ಬರು ಒಟ್ಟಿಗೆ ಮಾತಾಡಿದರೆ ಬಲವಾದ ಸಿಗ್ನಲ್ ಇನ್ನೊಂದನ್ನು ಪೂರ್ತಿ ನುಂಗಿ, ಇನ್ನೊಬ್ಬರು ಮಾತಾಡಿದ್ದೇ ತಿಳಿಯುತ್ತಿರಲಿಲ್ಲ. ಎಎಂನಲ್ಲಿ ಎರಡೂ ಡಿಕ್ಕಿಯಾಗಿ ಕೀರಲು ಸದ್ದು ಬರುತ್ತದೆ. ಆ ಕೀರಲು ಕೇಳಿದರೆ ಏನೋ ಒಂದು ಮಾತು ಕಳೆದುಹೋಗಿದೆ ಎಂದೇ ಅರ್ಥ. 1977ರ ಮಾರ್ಚ್ 27ರಂದು ಟೆನೆರಿಫ್‌ನಲ್ಲಿ ಕೆಎಲ್‌ಎಂ ವಿಮಾನಕ್ಕೆ ಟವರ್‌ನಿಂದ 'ಓಕೆ' ಎಂಬುದಷ್ಟೇ ಚೆನ್ನಾಗಿ ಕೇಳಿಸಿತು. ಅದರ ಬೆನ್ನಿಗೆ ಬಂದ 'ಟೇಕ್‌ಆಫ್‌ಗೆ ಕಾಯಿರಿ, ಕರೆಯುತ್ತೇನೆ' ಎಂಬ ಮಾತೂ 'ನಾವಿನ್ನೂ ರನ್‌ವೇಯಲ್ಲಿದ್ದೇವೆ' ಎಂಬ ಪ್ಯಾನ್ ಆಮ್ ಮಾತೂ ಒಂದೇ ಗಳಿಗೆಯಲ್ಲಿ ಬಿದ್ದು ಕೀರಲಿನಲ್ಲಿ ಬೆರೆತವು. ಕೆಎಲ್‌ಎಂ ಏರಲು ಓಡಿ ರನ್‌ವೇಯಲ್ಲಿದ್ದ ಪ್ಯಾನ್ ಆಮ್‌ಗೆ ಡಿಕ್ಕಿಯಾಯಿತು. ಸತ್ತವರು 583 ಮಂದಿ. ಟೇಕ್‌ಆಫ್ ಎಂಬ ಪದವನ್ನು ಈಗ ಟೇಕ್‌ಆಫ್ ಕ್ಲಿಯರೆನ್ಸ್ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸುವುದು, ಮಿಕ್ಕೆಲ್ಲ ಕಡೆ 'ಡಿಪಾರ್ಚರ್' ಎನ್ನುವುದು ಇಂಥ ಪಾಠದಿಂದಲೇ. ನೀವೂ 'ರೆಡಿ ಫಾರ್ ಡಿಪಾರ್ಚರ್' ಎನ್ನಿ.

ಏನು ಹೇಳಬೇಕು, ಯಾವ ಕ್ರಮದಲ್ಲಿ

ಯಾರನ್ನು, ನಾನು ಯಾರು, ಎಲ್ಲಿದ್ದೇನೆ, ಏನು ಬೇಕು. ಮೊದಲ ಕರೆಗೆ ಈ ನಾಲ್ಕೇ. ಮೈಸೂರಿನ ಈಶಾನ್ಯದಿಂದ ಬರುತ್ತಿರುವ ಒಂದು ಮಾದರಿ ಕರೆ ಹೀಗಿರುತ್ತದೆ:

"ಮೈಸೂರು ಟವರ್, ವಿಕ್ಟರ್ ಟ್ಯಾಂಗೊ ಆಲ್ಫಾ ಬ್ರಾವೊ ಚಾರ್ಲಿ, ಸೆಸ್ನಾ ವನ್ ಸೆವೆನ್ ಟೂ, ಟೂ ಫೈಫ್ ಮೈಲ್ಸ್ ನಾರ್ತ್ ಈಸ್ಟ್, ಸಿಕ್ಸ್ ತೌಸಂಡ್ ಫೈಫ್ ಹಂಡ್ರೆಡ್ ಫೀಟ್, ಎಸ್ಟಿಮೇಟಿಂಗ್ ಫೀಲ್ಡ್ ಅಟ್ ಫೋವರ್ ಟೂ, ರಿಕ್ವೆಸ್ಟ್ ಜಾಯ್ನಿಂಗ್ ಇನ್‌ಸ್ಟ್ರಕ್ಷನ್ಸ್."

ತೀರಾ ಬಿಜಿ ಫ್ರೀಕ್ವೆನ್ಸಿಯಾದರೆ ಟವರಿನ ಹೆಸರು, ನಿಮ್ಮ ಕಾಲ್‌ಸೈನ್ (ವಿಮಾನದ ಕರೆ ಹೆಸರು) ಎರಡನ್ನೇ ಹೇಳಿ, ಅವರು ಕೇಳಿದ ಮೇಲೆ ಮಿಕ್ಕದ್ದು ಹೇಳಿ. ಕಾಲ್‌ಸೈನನ್ನು ನೀವಾಗಿ ಮೊಟಕು ಮಾಡಬೇಡಿ. ಕಂಟ್ರೋಲರ್ 'ವಿಕ್ಟರ್ ಬ್ರಾವೊ ಚಾರ್ಲಿ' ಎಂದು ಕರೆದ ಮೇಲೆ ನೀವೂ ಹಾಗೆ ಕರೆದುಕೊಳ್ಳಬಹುದು.

ಅಂಕಿಗಳನ್ನು ಒಂದೊಂದಾಗಿ ಹೇಳುವುದು ನಿಯಮ. 3 ಟ್ರೀ, 4 ಫೋವರ್, 5 ಫೈಫ್, 9 ನೈನರ್. ನಮ್ಮವರ ಬಾಯಲ್ಲಿ ಕಾಡುವುದು ಬೇರೆಯೇ. ಇಂಗ್ಲಿಷಿನ ವಿ, ಡಬ್ಲ್ಯೂ ಎರಡನ್ನೂ ನಾವು 'ವ' ಎಂದೇ ಹೇಳುತ್ತೇವೆ. ಹಾಗಾಗಿ ಟ್ಯಾಕ್ಸಿವೇ ಹೆಸರನ್ನು ಅಕ್ಷರವಾಗಿ ಹೇಳದೆ ಯಾವಾಗಲೂ ವಿಕ್ಟರ್, ವಿಸ್ಕಿ ಎಂದೇ ಹೇಳಿ. ಇನ್ನೊಂದು, ಅಂಕಿಯ ಹಿಂದೆ ಟು, ಫಾರ್ ಸೇರಿಸುವುದು. 'ಕ್ಲೈಂಬಿಂಗ್ ಟು ಫೋರ್ ತೌಸಂಡ್' ಎಂದರೆ ಎರಡೋ ನಾಲ್ಕೋ ಎಂದು ಕೇಳುವವರು ತಬ್ಬಿಬ್ಬಾಗುತ್ತಾರೆ. ಹೂಂ, ಯೆಸ್, ಓಕೆ ಬೇಡ. ಅಫರ್ಮ್ (ಹೌದು), ನೆಗೆಟಿವ್ (ಇಲ್ಲ) ಎನ್ನಿ.

ರೀಡ್‌ಬ್ಯಾಕ್

'ರಾಜರ್' ಎಂದರೆ ಕೇಳಿಸಿತು ಎಂದಷ್ಟೇ. ಅದು ರೀಡ್‌ಬ್ಯಾಕ್ ಅಲ್ಲ. ಪೂರ್ತಿ ತಿರುಗಿ ಹೇಳಲೇಬೇಕಾದವು: ರೂಟ್ ಕ್ಲಿಯರೆನ್ಸ್, ರನ್‌ವೇಗೆ ಸಂಬಂಧಿಸಿದ ಯಾವುದೇ ಮಾತು, ಎಂದರೆ ಒಳಗೆ ಹೋಗಿ, ದಾಟಿ, ಹೊರಗೇ ನಿಲ್ಲಿ, ಬ್ಯಾಕ್‌ಟ್ರ್ಯಾಕ್ ಮಾಡಿ (ರನ್‌ವೇಯಲ್ಲೇ ಹಿಂದಿರುಗಿ ಬನ್ನಿ), ಇಳಿಯಿರಿ, ಏರಿ, ಬಳಕೆಯಲ್ಲಿರುವ ರನ್‌ವೇ, ಕ್ಯೂಎನ್‌ಎಚ್ (ಆಲ್ಟಿಮೀಟರ್‌ಗೆ ಇಡುವ ಗಾಳಿಯ ಒತ್ತಡ), ಸ್ಕ್ವಾಕ್ ಕೋಡ್ (ರಾಡಾರ್‌ಗೆ ವಿಮಾನದ ಗುರುತಿನ ಸಂಖ್ಯೆ), ಎತ್ತರ, ಹೆಡಿಂಗ್ (ಮೂಗಿನ ದಿಕ್ಕು), ವೇಗ. ಗಾಳಿಯ ವಿವರವನ್ನು ತಿರುಗಿ ಹೇಳುವ ಅಗತ್ಯವಿಲ್ಲ. ಹೊಸಬರು ಅದನ್ನೇ ಅಚ್ಚುಕಟ್ಟಾಗಿ ಹೇಳಿ 'ಹೋಲ್ಡ್ ಶಾರ್ಟ್' (ಹೊರಗೇ ನಿಲ್ಲಿ) ಬಿಟ್ಟುಬಿಡುತ್ತಾರೆ.

ಒಂದು ಎಚ್ಚರ. ನೀವು ನಿರೀಕ್ಷಿಸುತ್ತಿದ್ದುದೇ ಕಿವಿಗೆ ಬೀಳುತ್ತದೆ. ಟೇಕ್‌ಆಫ್‌ಗೆ ಕಾಯುತ್ತಿರುವವನಿಗೆ 'ಲೈನ್ ಅಪ್ ಅಂಡ್ ವೇಟ್' (ರನ್‌ವೇಗೆ ಬಂದು ಕಾಯಿರಿ) ಕೂಡ ಟೇಕ್‌ಆಫ್‌ನಂತೆ ಕೇಳಬಹುದು. ಬರೆದುಕೊಂಡು, ಬರೆದದ್ದನ್ನು ಓದಿ ಹೇಳಿದರೆ ಈ ಅಪಾಯ ಬಹಳ ಕಡಿಮೆ. ಅರ್ಧ ಕೇಳಿಸಿದರೆ 'ಸೇ ಅಗೇನ್' ಎನ್ನಲು ನಾಚಿಕೆ ಬೇಡ. ಊಹಿಸಿ ರೀಡ್‌ಬ್ಯಾಕ್ ಮಾಡಿದರೆ ಅಪಾಯ ಎರಡು ಪಟ್ಟು, ಏಕೆಂದರೆ ಬಿಜಿಯಾಗಿರುವ ಕಂಟ್ರೋಲರ್‌ಗೂ ಅವರು ನಿರೀಕ್ಷಿಸಿದ್ದೇ ಕೇಳಿಸಬಹುದು.

ಫ್ರೀಕ್ವೆನ್ಸಿ ಬದಲಿಸುವಾಗ ಹೊಸದನ್ನು ಸ್ಟ್ಯಾಂಡ್‌ಬೈನಲ್ಲಿ ಹಾಕಿ, ರೀಡ್‌ಬ್ಯಾಕ್ ಮುಗಿಸಿ, ಆಮೇಲೆ ಅದಲುಬದಲು ಬಟನ್ ಒತ್ತಿ. ಹಳೆಯದು ಸ್ಟ್ಯಾಂಡ್‌ಬೈನಲ್ಲೇ ಉಳಿಯುತ್ತದೆ. ಹೊಸದರಲ್ಲಿ ಎರಡು ಸಲ ಕರೆದರೂ ಉತ್ತರ ಬಾರದಿದ್ದರೆ ಒಂದೇ ಒತ್ತಿಗೆ ಹಿಂದಿನವರ ಬಳಿ ಹೋಗಿ ಕೇಳಿ.

ಎಷ್ಟು ದೂರ ಕೇಳಿಸುತ್ತದೆ

ವಿಎಚ್‌ಎಫ್ ಹೆಚ್ಚುಕಮ್ಮಿ ನೇರ ಗೆರೆಯಲ್ಲೇ ಓಡುತ್ತದೆ. ಎತ್ತರದ (ಅಡಿಗಳಲ್ಲಿ) ವರ್ಗಮೂಲವನ್ನು 1.23ರಿಂದ ಗುಣಿಸಿದರೆ ನಾಟಿಕಲ್ ಮೈಲಿಯಲ್ಲಿ ದೂರ ಸಿಗುತ್ತದೆ. ಇಲ್ಲೇ ನಮ್ಮ ಕಡೆಯವರು ತಪ್ಪುವುದು: ಆಲ್ಟಿಮೀಟರ್ ತೋರಿಸುವುದು ಸಮುದ್ರಮಟ್ಟದಿಂದ ಎತ್ತರ, ನಾವಿರುವುದು ಪ್ರಸ್ಥಭೂಮಿಯ ಮೇಲೆ. ಮಂಡಕಳ್ಳಿಯ ನೆಲವೇ ಸುಮಾರು 2,350 ಅಡಿಯಲ್ಲಿದೆ. ನೈರುತ್ಯಕ್ಕೆ ಹೋಗುವ ವಿಎಫ್‌ಆರ್ (ಹೊರಗೆ ಕಣ್ಣಿಟ್ಟು ಹಾರುವ) ಹಾರಾಟಕ್ಕೆ 4,500 ಅಡಿ ಆರಿಸಿದರೆ ನೆಲದಿಂದ 2,150 ಮಾತ್ರ. ಲೆಕ್ಕ 57 ಮೈಲಿ. ಜಕ್ಕೂರು ಬಿಟ್ಟ ಕೂಡಲೇ ಮೈಸೂರನ್ನು ಕರೆದು ಉತ್ತರವಿಲ್ಲವೆಂದು ಗಾಬರಿಯಾಗುವುದು ಇದಕ್ಕೇ. 6,500 ಅಡಿಯಲ್ಲಾದರೆ ಲೆಕ್ಕ 79 ಮೈಲಿಗೆ ಹೋಗುತ್ತದೆ. ಆ ದಾರಿಯ ಪಕ್ಕದಲ್ಲೇ ಸಾವನದುರ್ಗದ ತುದಿ 4,000 ಅಡಿ ದಾಟಿ ನಿಂತಿರುವುದರಿಂದ 4,500 ಬೇರೆ ಕಾರಣಕ್ಕೂ ಬೇಡ. ನಿಮಗೆ ಸಿಗುವ ಎತ್ತರವನ್ನು ಕೊನೆಗೆ ಕ್ಲಿಯರೆನ್ಸೇ ತೀರ್ಮಾನಿಸುತ್ತದೆ ಎನ್ನಿ. ವಿಒಆರ್, ಡಿಎಂಇಗಳಿಗೂ ಇದೇ ಲೆಕ್ಕ.

ವಿಒಆರ್: ಟ್ಯೂನ್, ಐಡೆಂಟ್, ಆಮೇಲೆ ಸೂಜಿ

ವಿಒಆರ್ 108ರಿಂದ 117.95 ಮೆಗಾಹರ್ಟ್ಜ್‌ನಲ್ಲಿ ಎರಡು 30 ಹರ್ಟ್ಜ್ ಸಿಗ್ನಲ್ ಕಳಿಸುತ್ತದೆ. ಒಂದು ಎಲ್ಲ ದಿಕ್ಕಿಗೂ ಒಂದೇ, ಇನ್ನೊಂದರ ಫೇಸ್ ದಿಕ್ಕಿಗೆ ತಕ್ಕಂತೆ ಬದಲು. ಎರಡರ ಅಂತರವೇ ನೀವಿರುವ ರೇಡಿಯಲ್, ಎಂದರೆ ಸ್ಟೇಷನ್ನಿನಿಂದ ನೀವಿರುವ ದಿಕ್ಕು.

ಮೊದಲು ಫ್ರೀಕ್ವೆನ್ಸಿ ಹಾಕಿ. ಎರಡನೆಯದಾಗಿ ಐಡೆಂಟ್ ಬಟನ್ ಎಳೆದು ಮೋರ್ಸ್ ಕೇಳಿ, ಕಾಗದದ ಜತೆ ಹೋಲಿಸಿ. ರಿಪೇರಿಯಲ್ಲಿರುವ ವಿಒಆರ್ ಸಿಗ್ನಲ್ ಬಿಡುತ್ತಲೇ ಇರಬಹುದು, ಫ್ಲ್ಯಾಗ್ (ಸಿಗ್ನಲ್ ಇಲ್ಲವೆಂಬ ಎಚ್ಚರಿಕೆಯ ಗುರುತು) ಬೀಳದೆ ಸೂಜಿಯೂ ಚೆನ್ನಾಗಿ ಆಡಬಹುದು, ಆದರೆ ಐಡೆಂಟ್ ತೆಗೆದಿರುತ್ತಾರೆ, ಇಲ್ಲವೇ 'ಟಿಎಸ್‌ಟಿ' (ಡಾ, ಡಿ-ಡಿ-ಡಿ, ಡಾ) ಹಾಕಿರುತ್ತಾರೆ. ಐಡೆಂಟ್ ಇಲ್ಲದ ಸೂಜಿಯನ್ನು ಇಲ್ಲವೆಂದೇ ತಿಳಿಯಿರಿ. ಮೂರನೆಯದು ಒಬಿಎಸ್, ಬೇಕಾದ ದಿಕ್ಕನ್ನು ಇಡುವ ಗುಂಡಿ. ಸ್ಟೇಷನ್ ಕಡೆಗೆ 227 ಡಿಗ್ರಿಯಲ್ಲಿ ಹೋಗುವುದಾದರೆ 227 ಇಡಿ, 'ಟು' ಬರಬೇಕು. ಸೂಜಿ ಎಡಕ್ಕಿದ್ದರೆ ಎಡಕ್ಕೆ ಹಾರಿ.

ಅದೇ ಕಡೆ ಹೋಗುತ್ತ ತಪ್ಪಿ 047 ಇಟ್ಟರೆ 'ಫ್ರಮ್' ಬರುತ್ತದೆ, ಸೂಜಿ ಉಲ್ಟಾ ಕೆಲಸ ಮಾಡುತ್ತದೆ. ಎಡಕ್ಕಿರುವ ಸೂಜಿಯನ್ನು ಹಿಂಬಾಲಿಸಿದಷ್ಟೂ ದಾರಿಯಿಂದ ದೂರ. ಕಾರಣ ಸರಳ: ವಿಒಆರ್‌ಗೆ ನಿಮ್ಮ ಮೂಗು ಯಾವ ಕಡೆಗಿದೆ ಎಂಬುದು ಗೊತ್ತೇ ಇಲ್ಲ, ಒಬಿಎಸ್‌ನಲ್ಲಿಟ್ಟ ದಿಕ್ಕಿಗೇ ಹೋಗುತ್ತಿದ್ದೀರಿ ಎಂದುಕೊಂಡು ಎಡ-ಬಲ ಹೇಳುತ್ತದೆ. ಒಬಿಎಸ್‌ನ ಅಂಕಿ ಮತ್ತು ನಿಮ್ಮ ಹೆಡಿಂಗ್ ಹತ್ತಿರ ಹತ್ತಿರ ಇರಬೇಕು ಎಂಬ ಒಂದೇ ಪರೀಕ್ಷೆ ಸಾಕು.

ಸಾಮಾನ್ಯ ಇಂಡಿಕೇಟರ್‌ನಲ್ಲಿ ಒಂದು ಚುಕ್ಕೆಗೆ 2 ಡಿಗ್ರಿ, ಐದು ಚುಕ್ಕೆಗೆ 10. ಅರವತ್ತು ಮೈಲಿಗೆ ಒಂದು ಡಿಗ್ರಿ ಎಂದರೆ ಒಂದು ಮೈಲಿ ಎಂಬ ಸೂತ್ರದಿಂದ, 30 ಮೈಲಿಯಲ್ಲಿ ಒಂದು ಚುಕ್ಕೆ ಒಂದು ಮೈಲಿ. 3 ಮೈಲಿಯಲ್ಲಿ ಅದೇ ಚುಕ್ಕೆ ಸುಮಾರು 600 ಅಡಿ. ಹತ್ತಿರ ಬಂದಂತೆ ಸೂಜಿ ಚುರುಕಾಗುವುದು ಇದಕ್ಕೇ. ನೆತ್ತಿಯ ಮೇಲೆ ದಾಟುವಾಗ ಫ್ಲ್ಯಾಗ್ ಮಿನುಗಿ ಸೂಜಿ ಹುಚ್ಚಾಡುತ್ತದೆ. ಅದನ್ನು ಬೆನ್ನಟ್ಟದೆ ಹೆಡಿಂಗ್ ಹಿಡಿದುಕೊಳ್ಳಿ, 'ಫ್ರಮ್' ನಿಂತ ಮೇಲೆ ತಿದ್ದಿ.

ಡಿಎಂಇ ತೋರಿಸುವುದು ಓರೆ ದೂರ. ಸ್ಟೇಷನ್ನಿನ 6,000 ಅಡಿ ಮೇಲೆ ನಿಂತರೂ ಅದು 1 ಮೈಲಿ ಎನ್ನುತ್ತದೆ. ಹೆಚ್ಚು ಕಾಡುವುದು 'ಹೋಲ್ಡ್' ಸ್ವಿಚ್. ಅದು ಒತ್ತಿಯೇ ಉಳಿದರೆ ನೀವು ಐಎಲ್‌ಎಸ್ ಟ್ಯೂನ್ ಮಾಡಿದ ಮೇಲೂ ದೂರ ಹಳೆಯ ವಿಒಆರ್‌ನದೇ. ಎನ್‌ಡಿಬಿ (ಹಳೆಯ ಬಗೆಯ ರೇಡಿಯೊ ಬೀಕನ್) ಈಗ ಮರೆಯಾಗುತ್ತಿದೆ. ಸಿಕ್ಕರೆ ಇಷ್ಟು ನೆನಪಿರಲಿ. ಅದರ ದಿಕ್ಕು ತೋರುವ ಎಡಿಎಫ್‌ಗೆ ಎಚ್ಚರಿಕೆಯ ಫ್ಲ್ಯಾಗ್ ಇಲ್ಲ. ಸ್ಟೇಷನ್ ನಿಂತುಹೋದರೂ ಸೂಜಿ ಸುಮ್ಮನೆ ನಿಂತಿರುತ್ತದೆ, ಮುಂಗಾರಿನ ಸಿಡಿಲು ಮೋಡವಿದ್ದರೆ ಅದರ ಕಡೆಗೇ ತಿರುಗುತ್ತದೆ. ಬಳಸುವಷ್ಟು ಹೊತ್ತೂ ಐಡೆಂಟ್ ಸಣ್ಣಗೆ ಕೇಳುತ್ತಿರಲಿ.

ಐಎಲ್‌ಎಸ್

ಐಎಲ್‌ಎಸ್‌ನಲ್ಲಿ ಎರಡು ಸಿಗ್ನಲ್: ರನ್‌ವೇಯ ನೇರ ತೋರುವ ಲೋಕಲೈಸರ್, ಇಳಿಜಾರು ತೋರುವ ಗ್ಲೈಡ್‌ಸ್ಲೋಪ್. ಲೋಕಲೈಸರ್ 108.1ರಿಂದ 111.95ರವರೆಗೆ, ಮೊದಲ ದಶಾಂಶ ಬೆಸವಾಗಿರುವ ಫ್ರೀಕ್ವೆನ್ಸಿಗಳಲ್ಲಿ. ಗ್ಲೈಡ್‌ಸ್ಲೋಪ್ ಬೇರೆಯೇ ಬ್ಯಾಂಡಿನಲ್ಲಿದ್ದರೂ ಲೋಕಲೈಸರ್ ಹಾಕಿದೊಡನೆ ತಾನೇ ಟ್ಯೂನ್ ಆಗುತ್ತದೆ. ಇಲ್ಲಿ ಪೂರ್ತಿ ಸೂಜಿ ಎಂದರೆ ಅಂದಾಜು 2.5 ಡಿಗ್ರಿ, ವಿಒಆರ್‌ಗಿಂತ ನಾಲ್ಕು ಪಟ್ಟು ಸೂಕ್ಷ್ಮ. ಎರಡು-ಮೂರು ಡಿಗ್ರಿ ಹೆಡಿಂಗ್ ಬದಲಿಸಿ ತಾಳ್ಮೆಯಿಂದ ಕಾಯಿರಿ. ಒಬಿಎಸ್ ತಿರುಗಿಸಿದರೆ ಲೋಕಲೈಸರ್ ಸೂಜಿಗೆ ಏನೂ ಆಗುವುದಿಲ್ಲ, ಆದರೂ ಇನ್‌ಬೌಂಡ್ ಕೋರ್ಸ್ ಇಟ್ಟಿರಿ, ನೆನಪಿಗೆ.

3 ಡಿಗ್ರಿ ಇಳಿಜಾರಿನಲ್ಲಿ ಮೈಲಿಗೆ ಸುಮಾರು 320 ಅಡಿ ಇಳಿಯಬೇಕು. ಗ್ರೌಂಡ್‌ಸ್ಪೀಡ್ ಅನ್ನು ಐದರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಡಿ ಎಂಬುದು ಬರುತ್ತದೆ: 90 ನಾಟ್‌ಗೆ 450. 90ಕ್ಕೆ 800 ಅಡಿ ಬೇಕಾಗುತ್ತಿದ್ದರೆ ಏನೋ ತಪ್ಪಾಗಿದೆ, ಗೋ ಅರೌಂಡ್ ಮಾಡಿ (ಇಳಿಯದೆ ಮತ್ತೆ ಮೇಲೇರಿ). ಗ್ಲೈಡ್‌ಸ್ಲೋಪನ್ನು ಯಾವಾಗಲೂ ಕೆಳಗಿನಿಂದ ಹಿಡಿಯಿರಿ. ಮೇಲಿನಿಂದ ಇಳಿದರೆ ಸುಮಾರು 9 ಡಿಗ್ರಿಯಲ್ಲಿರುವ ಸುಳ್ಳು ಗ್ಲೈಡ್‌ಸ್ಲೋಪ್ ಸಿಗಬಹುದು, ಸೂಜಿ ಮಾತ್ರ ನಡುವಿನಲ್ಲೇ ನಿಂತಿರುತ್ತದೆ. ಇದನ್ನು ಹಿಡಿಯುವ ದಾರಿ ಒಂದೇ, ಚಾರ್ಟಿನಲ್ಲಿ ಕೊಟ್ಟ ಡಿಎಂಇ ದೂರದಲ್ಲಿ ಆಲ್ಟಿಮೀಟರ್ ಓದುವುದು. ರನ್‌ವೇ ಶುರುವಾಗುವ ಥ್ರೆಶೋಲ್ಡಿನಿಂದ 4 ಮೈಲಿಯಲ್ಲಿ ರನ್‌ವೇಗಿಂತ ಸುಮಾರು 1,300 ಅಡಿ ಮೇಲಿರಬೇಕು. 2,500 ಇದ್ದರೆ ಸೂಜಿ ಏನೇ ಹೇಳಲಿ, ಅದು ನಿಮ್ಮ ದಾರಿಯಲ್ಲ.

2010ರ ಮೇ 22ರಂದು ಮಂಗಳೂರಿನ ಟೇಬಲ್‌ಟಾಪ್ ರನ್‌ವೇ ದಾಟಿ ಬಿದ್ದ ವಿಮಾನದಲ್ಲಿ 158 ಮಂದಿ ಸತ್ತರು. ಆ ದಿನ ಅಲ್ಲಿನ ರಾಡಾರ್ ಕೆಲಸ ಮಾಡುತ್ತಿರಲಿಲ್ಲ. ವಿಮಾನ ಅಪ್ರೋಚ್‌ನಲ್ಲಿ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಸಹಪೈಲಟ್ ಗೋ ಅರೌಂಡ್ ಎಂದರೂ ಇಳಿಕೆ ನಿಲ್ಲಲಿಲ್ಲ. ದೂರ ಮತ್ತು ಎತ್ತರ ಒಂದಕ್ಕೊಂದು ಹೊಂದಲಿಲ್ಲವೆಂದರೆ ಬಿಟ್ಟು ಮೇಲೇರುವ ತೀರ್ಮಾನ ಕೂಡಲೇ ಆಗಬೇಕು.

ಜಿಪಿಎಸ್ ಇರುವಾಗ ಇದೆಲ್ಲ ಏಕೆ

ಇದು ಪ್ರತಿ ಬ್ಯಾಚಿನ ಪ್ರಶ್ನೆ. ಜಿಪಿಎಸ್‌ನ ನಿಖರತೆ ಹೆಚ್ಚಿಸುವ ಗಗನ್ ನಮ್ಮದೇ ವ್ಯವಸ್ಥೆ, ಅದರ ಮುಖ್ಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲೇ ಇದೆ. 2022ರ ಏಪ್ರಿಲ್‌ನಲ್ಲಿ ಇಂಡಿಗೋದ ಎಟಿಆರ್ ಗಗನ್ ಬಳಸಿ ಕಿಶನ್‌ಗಢದಲ್ಲಿ ಇಳಿಯಿತು. ತಂತ್ರ ಚೆನ್ನಾಗಿದೆ. ಆದರೆ ಉಪಗ್ರಹದ ಸಿಗ್ನಲ್ ಬಹಳ ಕ್ಷೀಣ, ಹಾಳುಗೆಡಹುವುದು ಸುಲಭ. 2025ರ ನವೆಂಬರಿನಲ್ಲಿ ದಿಲ್ಲಿಯ ಸುತ್ತ ಜಿಪಿಎಸ್ ಸ್ಪೂಫಿಂಗ್ (ಸುಳ್ಳು ಸಿಗ್ನಲ್ ಬಿಡುವುದು) ವರದಿಯಾದಾಗ ಪೈಲಟ್‌ಗಳಿಗೆ ಆಸರೆಯಾದದ್ದು ನೆಲದ ಮೇಲಿನ ಸಾಧನಗಳೇ. ಗಡಿಯಾರ ಹಠಾತ್ತನೆ ಜಿಗಿದರೆ, ಗ್ರೌಂಡ್‌ಸ್ಪೀಡ್ ನಂಬಲಾಗದಷ್ಟಾದರೆ, ಜಿಪಿಎಸ್ ದೂರಕ್ಕೂ ಡಿಎಂಇ ದೂರಕ್ಕೂ ತಾಳೆಯಾಗದಿದ್ದರೆ ಅನುಮಾನಿಸಿ. ಆ ತಾಳೆ ನೋಡಲು ವಿಒಆರ್ ಮೊದಲೇ ಟ್ಯೂನ್ ಆಗಿರಬೇಕು.

ರೇಡಿಯೊ ಸತ್ತರೆ

ಮೊದಲು ವಿಮಾನ ಹಾರಿಸಿ. ಆಮೇಲೆ ವಾಲ್ಯೂಮ್, ಸ್ಕ್ವೆಲ್ಚ್, ಪ್ಲಗ್, ಆಡಿಯೊ ಪ್ಯಾನೆಲ್, ಕಾಮ್ 2, ಹಿಂದಿನ ಫ್ರೀಕ್ವೆನ್ಸಿ, ಹ್ಯಾಂಡ್ ಮೈಕ್, ಸರ್ಕ್ಯೂಟ್ ಬ್ರೇಕರ್. ಜತೆಗೆ ಅಮ್ಮೀಟರ್ ನೋಡಿ, ಆಲ್ಟರ್ನೇಟರ್ ನಿಂತಿದ್ದರೆ ರೇಡಿಯೊ ಒಂದೇ ಸಮಸ್ಯೆಯಲ್ಲ. ಫ್ರೀಕ್ವೆನ್ಸಿ ಅಸಹಜವಾಗಿ ಮೌನವಾಗಿದ್ದರೆ ರೇಡಿಯೊ ಪ್ರಸಾರ ಮಾಡುವಾಗ ಉರಿಯುವ ಟಿಎಕ್ಸ್ ದೀಪ ನೋಡಿ. ಅದು ಆರದಿದ್ದರೆ ನಿಮ್ಮ ಬಟನ್ನೇ ಅಂಟಿಕೊಂಡು ಎಲ್ಲರ ಬಾಯಿ ಕಟ್ಟಿದೆ. ಮೈಕ್ ಪ್ಲಗ್ ಕಿತ್ತುಬಿಡಿ.

ಏನೂ ಫಲಿಸದಿದ್ದರೆ ಸ್ಕ್ವಾಕ್ 7600, ರೇಡಿಯೊ ಕೆಟ್ಟಿದೆ ಎಂಬ ಕೋಡ್. ನಿಮಗೆ ಕೇಳಿಸದಿದ್ದರೂ ಅವರಿಗೆ ಕೇಳಿಸುತ್ತಿರಬಹುದು, 'ಟ್ರಾನ್ಸ್‌ಮಿಟಿಂಗ್ ಬ್ಲೈಂಡ್' ಎಂದು ಸ್ಥಾನ, ಉದ್ದೇಶ ಹೇಳುತ್ತಿರಿ. ವಿಎಫ್‌ಆರ್‌ನಲ್ಲಿದ್ದರೆ ಮೋಡಕ್ಕೆ ಹೋಗದೆ ಹತ್ತಿರದ ಸೂಕ್ತ ನಿಲ್ದಾಣದಲ್ಲಿ ಇಳಿಯಿರಿ. ಟವರ್ ಕಡೆಗೆ ಕಣ್ಣಿರಲಿ: ಗಾಳಿಯಲ್ಲಿರುವಾಗ ಸ್ಥಿರ ಹಸಿರು ಎಂದರೆ ಇಳಿಯಬಹುದು, ಮಿನುಗುವ ಹಸಿರು ಎಂದರೆ ಇಳಿಯಲು ಮರಳಿ ಬನ್ನಿ, ಸ್ಥಿರ ಕೆಂಪು ಎಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಿ, ಮಿನುಗುವ ಕೆಂಪು ಎಂದರೆ ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡಿ. ಹಗಲಲ್ಲಿ ರೆಕ್ಕೆ ಆಡಿಸಿ ಉತ್ತರ ಕೊಡಿ.

ಇಳಿದ ಮೇಲೆ ವಿಮಾನದ ದೋಷ ದಾಖಲಿಸುವ ಟೆಕ್‌ಲಾಗ್‌ನಲ್ಲಿ 'ರೇಡಿಯೊ ಸರಿಯಿಲ್ಲ' ಎಂದು ಬರೆದರೆ ಎಂಜಿನಿಯರ್ ಕೈಗೆ ಏನೂ ಸಿಗುವುದಿಲ್ಲ. ಯಾವ ಬಾಕ್ಸ್, ಯಾವ ಫ್ರೀಕ್ವೆನ್ಸಿ, ಕೇಳಿಸಲಿಲ್ಲವೋ ಹೋಗಲಿಲ್ಲವೋ, ಎಷ್ಟು ದೂರ, ಎಷ್ಟು ಎತ್ತರ, ವಿಮಾನದ ಮೂಗು ಸ್ಟೇಷನ್ ಕಡೆಗಿತ್ತೋ ಬಾಲವೋ, ಹೆಡ್‌ಸೆಟ್ ಬದಲಿಸಿ ನೋಡಿದಿರೋ ಎಲ್ಲ ಬರೆಯಿರಿ. ಬಾಲ ತಿರುಗಿದಾಗ ಮಾತ್ರ ದನಿ ಕ್ಷೀಣವಾಗುತ್ತಿದ್ದರೆ ಅವರು ಬಾಕ್ಸ್ ಬಿಚ್ಚುವ ಬದಲು ನೇರ ಆಂಟೆನಾ ಹತ್ತಿರ ಹೋಗುತ್ತಾರೆ.